ನಾಲ್ಕು ಡಿಗ್ರಿ

ಹೊಳಲ್ಕೆರೆ ರಸ್ತೆ, ರಾತ್ರಿ ಹತ್ತು.
ಹಳೇ ಪೇಪರಿನ ಮೇಲೆ ಬೋರಲು ಬಿದ್ದ ವಾಲ್ವ್ ಕವರು.
ಹೊನ್ನೂರಲಿ ಕ್ರ್ಯಾಂಕು ತಿರುಗಿಸುತ್ತಿದ್ದ, ಉಸಿರು ಬಿಗಿಹಿಡಿದು.
ಟಾರ್ಚು ನನ್ನ ಕೈಲಿ. "ಅಲ್ಲಾಡಿಸ್ಬ್ಯಾಡ."

"ಓಡ್ತದೆ ಅಣ್ಣ, ಆದ್ರೆ ಕೆಳಗೆ ದಮ್ಮಿಲ್ಲ,"
ಅಂದಿದ್ದ ಓಬಳೇಶ. ಜೋಗಿಮಟ್ಟಿ ಏರಿನಲ್ಲಿ
ಟರ್ಬೊ ಏಳೋ ಹೊತ್ತಿಗೆ ಗಾಡಿ ಹಿಂದಕ್ಕೆ ಜಾರಿ,
ಪಕ್ಕದಲ್ಲಿದ್ದ ಹೊಸ ಹೆಂಡತಿ ಕಿಸಕ್ಕನೆ ನಕ್ಕಳಂತೆ.

ಟರ್ಬೊದ್ದೇನು ತಪ್ಪು?
ಹೊಗೆ ದೂಡಿದರೆ ತಾನೆ ಅದು ತಿರುಗುವುದು.
ಬೆಟ್ಟದ ಮೇಲಿನ ಫ್ಯಾನುಗಳೂ
ಗಾಳಿ ಬರಲಿ ಅಂತ ಸುಮ್ಮನೆ ನಿಂತಿದ್ದವು ಕತ್ತಲಲ್ಲಿ.

ಕ್ಯಾಮ್ ಗೇರಿನ ಬೋಲ್ಟು ಸಡಿಲಿಸಿ
ಕೂದಲೆಳೆಯಷ್ಟು ಮುಂದಕ್ಕೆ ಜರುಗಿಸಿದ.
"ಒಳಗೆ ಬಂದ ಗಾಳಿ ವಾಪಸ್ ಹೊರಡೋ ಮೊದ್ಲೇ
ಬಾಗ್ಲು ಹಾಕ್ಬೇಕು, ಅಷ್ಟೇ."
ಗೇಜಿನ ಮುಳ್ಳು ನಡುಗಿ ನಿಂತಿತು.
"ಮೇಲ್ಗಡೆ ಸ್ವಲ್ಪ ಹೋಗ್ತದೆ. ಹೋಗ್ಲಿ.
ನೂರಾ ನಲವತ್ತರಲ್ಲಿ ಯಾರನ್ನ ಹಿಡೀಬೇಕು ಅವ್ನು?"

ಬೆಳಿಗ್ಗೆ ಅದೇ ಏರು, ಅದೇ ಎರಡನೇ ಗೇರು.
ಸಾವಿರದ ಐನೂರಕ್ಕೇ ಗದರಿಸಿಕೊಂಡು ಎದ್ದಿತಂತೆ ಗಾಡಿ.
ಅವಳು ಈ ಸಲ ನಗಲಿಲ್ಲ.
"ಸೈಡಿಗೆ ಹಾಕ್ರಿ," ಅಂದಳಂತೆ,
"ಮುಂದಿನ ತಿರುವು ನಾನು."