ಶುಕ್ರವಾರದ ಪೆಟ್ಟಿಗೆ

ಹೋಬಾರ್ಟಿನಲ್ಲಿ ಜುಲೈ ಅಂದರೆ ಐದಕ್ಕೇ ಕತ್ತಲೆ.
ಬೆಟ್ಟದ ನೆತ್ತಿಯಲ್ಲಿ ಹಿಮ, ಡರ್ವೆಂಟ್ ನದಿಯ ಮೇಲೆ
ಕೊನೆಯ ದೋಣಿಯ ಒಂಟಿ ದೀಪ.
ಡೆಸ್ಮಂಡ್ ಅಡುಗೆಮನೆಯಲ್ಲಿ ಐಸು ಒಡೆಯುತ್ತಿದ್ದಾನೆ.

ಶುಕ್ರವಾರ ನಮಗೆ ಪೆಟ್ಟಿಗೆಯ ದಿನ.
ಕಪಾಟಿನಲ್ಲಿ ಮೂವತ್ತೊಂಬತ್ತಿವೆ, ಎಲ್ಲವೂ ಕೈಕೆಲಸ:
ಹಕೋನೆಯಿಂದ ಬಂದದ್ದು ಐವತ್ತನಾಲ್ಕು ಸಲ ಸರಿಸಿದರೆ ಬಗ್ಗುತ್ತದೆ,
ಅಕ್ರೋಟು ಮರದ್ದನ್ನು ಬುಗುರಿಯಂತೆ ತಿರುಗಿಸಿದರೆ ಸಾಕು,
ಒಂದಂತೂ ಉಫ್ ಎಂದು ಊದಿದರೆ ತೆರೆಯುತ್ತದೆ, ನಾಚಿಕೆಯಿಲ್ಲದ್ದು.
ಒಂದೊಂದಕ್ಕೂ ಅದರದೇ ಪಾನೀಯವೆಂದು ಡೆಸ್ಮಂಡನ ಶಾಸ್ತ್ರ.
ಸುಲಭದ್ದಕ್ಕೆ ಜಿನ್ನು, ನಿಂಬೆ; ಹಟಮಾರಿಗೆ ನೆಗ್ರೋನಿ.
ಕಹಿಗೆ ಕಹಿಯೇ ಮದ್ದು ಅನ್ನುತ್ತಾನೆ.

ಹಟಮಾರಿ ಎಂದರೆ ಇದು, ನನ್ನ ತೊಡೆಯ ಮೇಲಿರುವುದು.
ಹ್ಯೂವನ್ ಪೈನ್ ಮರದ್ದು. ಇಟ್ಟಿಗೆಯಷ್ಟು ಉದ್ದ, ಬೆಣ್ಣೆಯ ಬಣ್ಣ.
ದೋಣಿ ಕಟ್ಟುತ್ತಿದ್ದ ಟೋಬಿಯಾಸ್ ಸ್ಕಲ್ಲಿ ಇದನ್ನು ಮಾಡಿ,
ನಮಗೆ ಮಾರಿ, ನೋಟುಗಳನ್ನು ಎರಡೆರಡು ಸಲ ಎಣಿಸಿಕೊಂಡು,
ಆ ಚಳಿಗಾಲದಲ್ಲೇ ತೀರಿಕೊಂಡ. ಉಪಾಯ ಹೇಳದೆ.
ಹನ್ನೊಂದು ವರ್ಷ. ತಲೆಕೆಳಗು ಮಾಡಿದೆವು, ತಟ್ಟಿದೆವು,
ಮುದ್ದು ಮಾಡಿದೆವು, ಬೈದೆವು.
ದೊಡ್ಡ ದೊಡ್ಡ ಹಡಗುಗಳನ್ನು ಕೈಹಿಡಿದು
ಬಂದರಿನೊಳಗೆ ತಂದ ಗಂಡಸು ಇದರ ಮುಂದೆ ಸೋತ.
ಪೊಲೀಸರ ಕೈಗೆ ಸಿಕ್ಕ ಹಳೇ ಕಳ್ಳನ ಹಾಗೆ
ಬಾಯಿ ಬಿಡಲಿಲ್ಲ.

ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದವಳು.
ಮೂವತ್ತು ವರ್ಷ ಊರವರ ಮೂಳೆ ನೋಡಿದ್ದೇನೆ.
"ಒಮ್ಮೆ ಇದನ್ನೂ ಮಲಗಿಸಬಾರದೇ, ಮಾವಿಸ್?" ಎಂದು ಕೇಳಿದ್ದ.
ಉಸಿರು ಬಿಗಿಹಿಡಿ ಎಂದರೆ ಕೇಳುವ ಪೈಕಿಯಲ್ಲ ಇದು, ಎಂದಿದ್ದೆ.
ನಿಜ ಹೇಳಬೇಕೆಂದರೆ,
ಒಳಗನ್ನು ಹಾಗೆ ನೋಡಿ ನೋಡಿ ನನಗೆ ಸಾಕಾಗಿತ್ತು.

ಈಗ, ಏನೂ ಯೋಚಿಸದೆ,
ಬರಿದಾದ ಲೋಟವನ್ನು ಬಗ್ಗಿಸಿ ನೋಡುವವರ ಹಾಗೆ
ಪೆಟ್ಟಿಗೆಯನ್ನು ಓರೆ ಮಾಡಿದೆ, ನಿಧಾನ,
ಕೊನೆಯ ಹನಿಗೆ ಕಾಯುವಷ್ಟು ನಿಧಾನ.
ಒಳಗೆಲ್ಲೋ ಒಂದು ಗುಂಡು ಉರುಳಿತು.
ಟಕ್.
ಮುಚ್ಚಳ ಉಗುರಿನಗಲ ಸರಿದು ನಿಂತಿತು.
ಜೇನಿನಂಥ, ಹಳೇ ದೋಣಿಯಂಥ ವಾಸನೆ.
ಕೂಗಬೇಕೆಂದು ಬಾಯಿ ತೆರೆದೆ.

ಒಳಗೆ
ಒಣಗಿ ಸುರುಳಿಯಾದ ಒಂದು ಕಿತ್ತಳೆ ಸಿಪ್ಪೆ.
ಅಂಚಿನುದ್ದಕ್ಕೂ ಸಣ್ಣದೊಂದು ಗೀರು.
ಹಲ್ಲು ಮುರಿದ ಚಾಕುವಿನದು, ನನಗೆ ಗೊತ್ತು;
ಆ ಚಾಕುವನ್ನು ನಾನೇ ಎಸೆದು ಏಳು ವರ್ಷ.
ಹಾಗಾದರೆ ಎಷ್ಟು ಶುಕ್ರವಾರ
ತಿಳಿದೂ ತಿಳಿದೂ ಹುಬ್ಬು ಗಂಟಿಕ್ಕಿ ಕೂತಿದ್ದ,
"ಮುಂದಿನ ವಾರ ನೋಡೋಣ" ಎನ್ನುತ್ತಾ?
ಎಕ್ಸ್‌ರೇ ಕೇಳಿದ್ದು ಇದಕ್ಕೂ ಮೊದಲೋ, ಆಮೇಲೋ?

ಅಡುಗೆಮನೆಯಲ್ಲಿ ಚಮಚ ತಿರುಗುವ ಸದ್ದು ನಿಂತಿತು.
ಬಟ್ಟಲಲ್ಲಿ ನಾನು ತಿಂದಿಟ್ಟ ಆಲಿವ್ ಬೀಜವೊಂದಿತ್ತು.
ಒರೆಸಿ, ಸಿಪ್ಪೆಯ ಪಕ್ಕ ಇಟ್ಟೆ.
ಮುಚ್ಚಿದೆ. ಟಕ್ ಎನ್ನುವಾಗ ಕೆಮ್ಮಿದೆ.

ಎರಡು ಲೋಟ, ಎರಡು ಹೊಸ ಸಿಪ್ಪೆ.
"ಏನಾದರೂ ಹೇಳಿತೇ?"
"ಇವತ್ತೂ ಇಲ್ಲ."
ಎಂದಿನಂತೆ ಪೆಟ್ಟಿಗೆಯನ್ನೆತ್ತಿ
ಕಿವಿಯ ಹತ್ತಿರ ಹಿಡಿದು ಅಲುಗಿಸಿದ.
ಅಲುಗಿಸಿ, ಒಂದು ಗಳಿಗೆ, ನನ್ನತ್ತ ತಿರುಗಲಿಲ್ಲ.
"ಚಳಿಗೆ ಮರ ಒಣಗಿದೆ," ಎಂದ,
"ಸದ್ದು ಬದಲಾಗಿದೆ."
ಇರಬೇಕು, ಎಂದೆ.
ಲೋಟದಲ್ಲಿ ಐಸು ಜರುಗಿ ಕೂತಿತು.