ಬಾಕಿ ಚಿಲ್ಲರೆ

ಬೆಳಗ್ಗೆ ಐದೂಕಾಲು, ಚಿಂತಾಮಣಿ ಡಿಪೊ.
ಚೀಲ ಹೆಗಲಿಗೇರಿಸುವ ಮೊದಲು ಎಣಿಸುತ್ತೇನೆ:
ಹತ್ತರ ನೋಟು ಇಷ್ಟು, ಐದರ ಬಿಲ್ಲೆ ಇಷ್ಟು,
ಈವತ್ತು ಮೈಯಲ್ಲಿರುವುದು ಇಷ್ಟು.
ಮೊದಲ ಲೆಕ್ಕ ಸಂಜೆಗೂ ತಾಳೆಯಾಗುತ್ತದೆ.
ಕೊನೆಯದು ಶಿಡ್ಲಘಟ್ಟ ಮುಟ್ಟುವ ಮೊದಲೇ ತಪ್ಪುತ್ತದೆ.

ನಿದ್ದೆ ಮಾಡಿದೆ, ಸುಳ್ಳಲ್ಲ, ಎಂಟು ಗಂಟೆ.
ರಾತ್ರಿಯೆಲ್ಲ ಯಾರೋ ನನ್ನ ಮೇಲೆ ಕೂತು
ದೂರದೂರಿಗೆ ಪ್ರಯಾಣ ಮಾಡಿ ಇಳಿದುಹೋದ ಹಾಗೆ
ತಗ್ಗು ಬಿದ್ದ ಸೀಟಾಗಿ ಏಳುತ್ತೇನೆ.

ನೋವು ಇಂಥ ಸ್ಟಾಪಿನಲ್ಲೇ ಹತ್ತುತ್ತದೆ ಎಂದಿಲ್ಲ.
ಕೈ ಅಡ್ಡ ಹಾಕುವುದಿಲ್ಲ.
ತಿರುಗಿದರೆ ಕತ್ತಿನ ಬುಡದಲ್ಲಿ ಕೂತಿದೆ,
ಇನ್ನೊಂದು ಸಲ ತಿರುಗಿದರೆ
ಮೊಣಕಾಲ ಒಳಮಗ್ಗುಲಿಗೆ ಜಾಗ ಬದಲಿಸಿದೆ.
ಎಲ್ಲಿಗೆ ಅಂದರೆ ಹೇಳುವುದಿಲ್ಲ.
ಸೊನ್ನೆ ರೂಪಾಯಿ ಟಿಕೆಟ್ಟು,
ಎಲ್ಲಿ ಬೇಕಾದರೂ ಇಳಿಯಬಹುದು. ಇಳಿಯುವುದಿಲ್ಲ.

ಎರಡು ವರ್ಷ ರಕ್ತ ಕೊಟ್ಟೆ.
ಥೈರಾಯಿಡ್ಡು, ಕೀಲುವಾತ, ಸಕ್ಕರೆ, ಡಿ ವಿಟಮಿನ್ನು.
ನಾರ್ಮಲ್ ಎಂದು ಓದಿ ಅತ್ತವಳು
ಆ ಲ್ಯಾಬಿನ ಬೆಂಚಿನ ಮೇಲೆ ನಾನೊಬ್ಬಳೇ ಇರಬೇಕು.
'ರಜ ಬೇಕಾದರೆ ನೇರ ಕೇಳಮ್ಮ' ಅಂದರು ಕಂಟ್ರೋಲರು.
'ಮನಸ್ಸಿಗೆ ಹಚ್ಕೋಬೇಡಿ' ಅಂದಳು ನಾದಿನಿ.
ನಾನು ಹಚ್ಚಿಕೊಂಡದ್ದು ಮುಲಾಮು.

ಕೊನೆಗೆ ಚಿಕ್ಕಬಳ್ಳಾಪುರದಲ್ಲಿ ಡಾಕ್ಟರ್ ಜಬೀನಾ
ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದರು,
ಹೆಗಲ ಮೇಲೆ, ಮೊಣಕೈ ಹತ್ತಿರ, ಟೊಂಕದ ಎರಡೂ ಕಡೆ.
ಒಂದು ಹಗ್ಗ ಎಳೆದರೆ ಊರಿನ ಗಂಟೆಗಳೆಲ್ಲ ಬಾರಿಸಿದವು.
ಚೀಟಿಯ ಮೇಲೆ ಬರೆದರು: ಫೈಬ್ರೊಮಯಾಲ್ಜಿಯಾ.
ಬಸ್ಸಿನ ಬೋರ್ಡಿಗೆ ಹಿಡಿಸದಷ್ಟು ಉದ್ದದ ಊರು.
'ಮೂಳೆ ಕೆಟ್ಟಿಲ್ಲ, ಕೀಲು ಕೆಟ್ಟಿಲ್ಲ.
ಸುದ್ದಿ ಒಯ್ಯುವ ನರ, ಸುದ್ದಿ ಕೇಳುವ ಮಿದುಳು
ಪಿಸುಮಾತನ್ನೂ ಕೂಗು ಅಂದುಕೊಳ್ತಿವೆ.
ಪೂರ್ತಿ ಹೋಗುತ್ತೆ ಅಂತ ಹೇಳಲಾರೆ.
ದಿನಾ ಸ್ವಲ್ಪ ನಡೀರಿ. ನೋವು ನಿಜ.'

ನೋವು ನಿಜ. ಆ ಎರಡು ಪದವನ್ನು
ವಾಪಸು ಬರುವಾಗ, ಟಿಕೆಟ್ ತಗೊಂಡ ಪ್ರಯಾಣಿಕಳಾಗಿ,
ಪೆಪ್ಪರಮೆಂಟಿನ ಹಾಗೆ ಬಾಯಲ್ಲಿಟ್ಟುಕೊಂಡೆ.
ಚಿಂತಾಮಣಿ ಬಂದರೂ ಕರಗಿರಲಿಲ್ಲ.

ಈಗ ಮೂರು ವರ್ಷ.
ರಾತ್ರಿ ಒಂದು ಮಾತ್ರೆ, ಬಿಸಿನೀರು.
ಡಿಪೊ ಹಿಂದಿನ ರಸ್ತೆಯಲ್ಲಿ ನಡಿಗೆ:
ಆಗ ಮೂರು ಲೈಟುಕಂಬ, ಈಗ ಹನ್ನೊಂದು.
ಚೆನ್ನಾಗಿದ್ದೇನೆಂದು ಬಟ್ಟೆಯೆಲ್ಲ ಒಗೆದರೆ
ಮಾರನೆಯ ದಿನ ಲೋಟ ಎತ್ತಲಾಗದು. ಕಲಿತಿದ್ದೇನೆ.
ಕಲಿತೂ ಒಮ್ಮೊಮ್ಮೆ ಒಗೆಯುತ್ತೇನೆ.
ಮಗಳು ತಬ್ಬುವ ಮೊದಲು ಕೇಳುತ್ತಾಳೆ,
'ಈವತ್ತು ಎಷ್ಟು ಗಟ್ಟಿ?'
ಅದೊಂದು ಮಾತ್ರ ಇನ್ನೂ ತಡೆದುಕೊಳ್ಳಲಾರೆ.

ಪದಗಳು ಕೈಕೊಡುತ್ತವೆ.
ಒಂದು ದಿನ ಬಸ್ಸು ನಿಂತಿದೆ, ರೇಷ್ಮೆಗೂಡಿನ ಚೀಲ ಇಳಿಯುತ್ತಿದೆ,
ಆ ವಾಸನೆ ಮೂಗಿಗೆ ಬಂತು,
ಊರಿನ ಹೆಸರು ಬಾಯಿಗೆ ಬರಲಿಲ್ಲ.
'ಗೂಡಿನೂರು ಯಾರ್ರೀ' ಎಂದು ಕೂಗಿದೆ.
ಎಲ್ಲರೂ ನಕ್ಕರು. ಇಳಿಯಬೇಕಾದವರೆಲ್ಲ ಇಳಿದರು.

ಕೊತ್ತಂಬರಿ ಕಟ್ಟಿನ ಪಿಳ್ಳಮ್ಮ ಮಾತ್ರ
ನಾನು ಕಂಬಿ ಹಿಡಿದು ನಿಂತ ರೀತಿ ನೋಡಿ
'ಒಳ್ಳು ನೊಪ್ಪುಲಾ ತಲ್ಲೀ' ಅಂದಳು.
ಯಾವ ಎಣ್ಣೆಯನ್ನೂ ಹೇಳಲಿಲ್ಲ, ಯಾವ ಹರಕೆಯನ್ನೂ.
ಅರ್ಧ ಸೀಟು ಸರಿದಳು.
ಕೂತೆ.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ ಬರೆದು ಕೊಡುತ್ತೇನಲ್ಲ,
ಹದಿಮೂರು ಬಾಕಿ, ಏಳು ಬಾಕಿ, ಇಳಿಯುವಾಗ ಕೇಳಿ ಅಂತ,
ಹಾಗೆ ನನಗೂ ಯಾರೋ ಬರೆದುಕೊಟ್ಟಿದ್ದಾರೆ.
ಬೆವರಿಗೆ ಅಂಕಿ ಕಲಸಿಹೋಗಿದೆ.
ಎಷ್ಟೋ ಜನ ಕೇಳದೆ ಇಳಿದುಬಿಡುತ್ತಾರೆ.
ಊರಿನ ಹೆಸರು ಮರೆತೇನು, ಇದನ್ನು ಮರೆಯುವವಳಲ್ಲ.

ಸೀಟಿ ಊದಿದೆ. ಮುನಿನಂಜಪ್ಪ ಗೇರು ಹಾಕಿದ.
ಗುಂಡಿ ಬಂದರೆ, ನಾನು ಹೇಳದೆ,
ಕನ್ನಡಿಯಲ್ಲಿ ಒಮ್ಮೆ ನೋಡಿ ನಿಧಾನ ಮಾಡುತ್ತಾನೆ.
ಶಿಡ್ಲಘಟ್ಟಕ್ಕೆ ಹದಿನಾಲ್ಕಿವೆಯಂತೆ.
ಮಳೆ ಬಂದ ಮೇಲೆ ಹದಿನೇಳು.