ಮುಂಚೆ ಬಂದ ನಗು

ಆಲ್ಡಸ್ ಥ್ವೇಟ್ ನಕ್ಕಿದ್ದನ್ನು ನಾನು ಕಂಡಿಲ್ಲ.
ಇಪ್ಪತ್ತಾರು ವರ್ಷ ಅವನ ಎಡಗಡೆ ಕೂತವಳು,
ಸ್ಟಾಪ್‌ವಾಚ್ ಹಿಡಿದು,
ಗಾಜಿನ ಕತ್ತಲಕೋಣೆಯಲ್ಲಿ.
ಕೆಳಗೆ ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ಹೊರಳುವಾಗ
ಇವನು ಪೆನ್ಸಿಲಿನ ಬುಡ ಕಚ್ಚುತ್ತ ಕೇಳುತ್ತಿದ್ದ:
'ಎಷ್ಟಾಯಿತು?'
'ನಾಲ್ಕೂವರೆ ಸೆಕೆಂಡು.'
'ಐದಾಗಬೇಕಿತ್ತು.'

ಬ್ರಾಡ್‌ಫರ್ಡಿನ ಹುಡುಗ. ಉಣ್ಣೆ ಗಿರಣಿಯ ಓಣಿ.
ಹದಿನಾಲ್ಕಕ್ಕೇ ನಾಟಕಶಾಲೆಯಲ್ಲಿ ಬಾಗಿಲು ತಟ್ಟುವ ಕೆಲಸ:
'ಐದು ನಿಮಿಷ, ಮೇಡಂ. ಐದೇ ನಿಮಿಷ, ಸಾರ್.'
ಅಲ್ಲೇ ತಿಳಿಯಿತಂತೆ, ನಗಿಸುವವರು
ಬಾಗಿಲ ಹಿಂದೆ ಎಷ್ಟು ಹೊತ್ತು ಸುಮ್ಮನಿರುತ್ತಾರೆಂದು.
ಆಮೇಲೆ ರೇಡಿಯೊ; ತೆಂಗಿನ ಚಿಪ್ಪು ಬಡಿದು ಕುದುರೆ ಓಡಿಸಿದ.
ಆಮೇಲೆ ಲಂಡನ್, ಟೆಲಿವಿಷನ್, ಆರಾರು ಕಂತಿನ ಗುತ್ತಿಗೆ,
ಮೇಲಿನ ಮಹಡಿಯ ಸಾಹೇಬರ ಚೀಟಿಗಳು:
'ಪಾದ್ರಿ ಬೇಡ. ಪಾಯಿಖಾನೆ ಬೇಡ. ರಾಣಿಯ ಸುದ್ದಿ ಬೇಡವೇ ಬೇಡ.'
ಎಲ್ಲಕ್ಕೂ ತಲೆಯಾಡಿಸಿ,
ಅವರು ಮುಚ್ಚಲು ಮರೆತ ಕಿಂಡಿಯಲ್ಲಿ
ಪಾದ್ರಿಯ ಹೆಂಡತಿಯನ್ನು ನುಗ್ಗಿಸುತ್ತಿದ್ದ.

ಅರವತ್ತೇಳರ ಚಳಿ. ಹೊಸ ಧಾರಾವಾಹಿಯ ಮೊದಲ ರೆಕಾರ್ಡಿಂಗು.
ಒಬ್ಬ ಗಂಡ, ಕಲ್ಲಿದ್ದಲಿನ ತುಂಡು ಎಣಿಸಿಡುವವನು,
ನೀರು ಕುದಿಯುವ ಮೊದಲೇ
ಕುದಿಯುವುದು ಹೇಗೆಂದು ಹೆಂಡತಿಗೆ ಉಪದೇಶ ಮಾಡುವವನು.
ಮೂರನೇ ಸಾಲಿನಲ್ಲಿ ಕಂದು ಕೋಟಿನ ಹೆಂಗಸು,
ತೊಡೆಯ ಮೇಲೆ ಕೈಚೀಲ,
ರೈಲು ಟಿಕೆಟ್ಟು ಇನ್ನೂ ಕೈಗವಸಿನೊಳಗೆ.

ನಟ ಬಾಯಿ ತೆರೆದಿರಲಿಲ್ಲ.
ಬರೀ ಎದ್ದ, ಪ್ಯಾಂಟು ಮೇಲೆಳೆದುಕೊಂಡ.
ಅಷ್ಟಕ್ಕೇ ಅವಳು,
ಒಬ್ಬಳೇ,
ನಕ್ಕಳು.
ಮೆಟ್ಟಿಲ ಮೇಲಿಂದ ಖಾಲಿ ಬಕೆಟ್ಟು ಉರುಳಿದಂಥ ನಗು.
ಸಭೆಯೆಲ್ಲ ತಿರುಗಿ ನೋಡಿತು.
ಮಾತು ಬಂದದ್ದು ಮೂರು ಸೆಕೆಂಡು ತಡವಾಗಿ;
ನನ್ನ ಗಡಿಯಾರವೇ ಸಾಕ್ಷಿ.

'ಯಾರೋ ಮುದುಕಿ, ಮುಂಚೆಯೇ ನಕ್ಕುಬಿಟ್ಟಳು,' ಅಂದ ಧ್ವನಿಯ ಹುಡುಗ,
'ಕತ್ತರಿಸಲೇ?'
ಥ್ವೇಟ್ ಪೆನ್ಸಿಲು ಕೆಳಗಿಟ್ಟ.
'ಅವಳಿಗೆ ಆ ಮಾತು ಗೊತ್ತಪ್ಪ.
ಮೂವತ್ತೊಂದು ವರ್ಷ ನಮ್ಮನೆಯಲ್ಲೇ ಕೇಳಿದ್ದಾಳೆ.
ಆಗ ನಕ್ಕಿರಲಿಲ್ಲ.
ಇರಲಿ ಬಿಡು.'

ಮಿಕ್ಕದ್ದು ಎಲ್ಲರಿಗೂ ಆಗುವಂಥದ್ದೇ.
ಎರಡು ಬಹುಮಾನ; ಒಂದನ್ನು ಬಾಗಿಲಿಗೆ ಒತ್ತು ಕೊಟ್ಟಿದ್ದ.
ಬಣ್ಣ ಬಂತು. ಗಡ್ಡದ ಹುಡುಗರು ಬಂದರು,
ಕುರ್ಚಿ ತಿರುಗಿಸಿಕೊಂಡು ಕೂರುವವರು.
ಒಂದು ಧಾರಾವಾಹಿ ಎರಡನೇ ಕಂತಿಗೇ ಮಣ್ಣಾಯಿತು.
ಅದರಲ್ಲೊಂದು ಒಂಟೆಯಿತ್ತು; ಆ ಸುದ್ದಿ ಈಗ ಬೇಡ.
ಕಪಾಟಿನಲ್ಲಿ ಜಾಗವಿಲ್ಲವೆಂದು
ಹಳೆಯ ಟೇಪುಗಳನ್ನು ಅಳಿಸಿ
ಅವುಗಳ ಮೇಲೆ ಸ್ನೂಕರ್ ಪಂದ್ಯ ತುಂಬಿದರು.
ಆ ಹಸಿರು ಮೇಜಿನ ಅಡಿಯಲ್ಲೆಲ್ಲೋ
ಆ ಗಂಡ ಪ್ಯಾಂಟು ಮೇಲೆಳೆದುಕೊಳ್ಳುತ್ತಲೇ ಇದ್ದಾನೆ.

ಉಳಿದದ್ದು ನಗು ಮಾತ್ರ.
ಮುಂದೆ ಕಡಿಮೆ ಬಿದ್ದಲ್ಲಿ ಬಡಿಸಲೆಂದು
ಧ್ವನಿ ವಿಭಾಗದವರು ಭರಣಿ ತುಂಬಿಟ್ಟಿದ್ದರು,
ಉಪ್ಪಿನಕಾಯಿಯ ಹಾಗೆ.

ಮೊನ್ನೆ ಭಾನುವಾರ, ಟೆಡಿಂಗ್ಟನ್ನಿನ ಅವನ ಮನೆಯಲ್ಲಿ
ಮಧ್ಯಾಹ್ನದ ಮರುಪ್ರಸಾರ ಹಾಕಿಕೊಂಡು ಕೂತಿದ್ದೆವು.
ಯಾರದೋ ಧಾರಾವಾಹಿ, ಯಾರೋ ಹಲ್ಲಿನ ಡಾಕ್ಟರು,
ಇನ್ನೂ ಜಾರಿ ಬಿದ್ದಿರಲಿಲ್ಲ,
ಆಗಲೇ
ಉರುಳಿತು ಬಕೆಟ್ಟು, ಮೆಟ್ಟಿಲು ಮೆಟ್ಟಿಲಾಗಿ.

ಅವನ ಕೈ ಹಾಗೇ ನಿಂತಿತು.
ಟಿವಿಯಿಂದ ಕಣ್ಣು ತೆಗೆಯದೆ ಕೇಳಿದ:
'ಎಷ್ಟಾಯಿತು?'
ನನ್ನ ಬಳಿ ಗಡಿಯಾರವೆಲ್ಲಿ. ಬಾಯಿಗೆ ಬಂದದ್ದು ಹೇಳಿದೆ:
'ಆರು.'
'ಸುಳ್ಳು,' ಅಂದ,
ಚಹಾದೊಳಗೆ ಮುರಿದು ಬಿದ್ದ ಬಿಸ್ಕತ್ತನ್ನು
ಚಮಚದಲ್ಲಿ ಹುಡುಕುತ್ತ.